ಎಂಟು ಪುಸ್ತಕ ಅಳಿಸಿದ್ದು

ಆ ಬೇಸಿಗೆಯಲ್ಲಿ ನಾನು ಎಂಟು ಪುಸ್ತಕ ಅಳಿಸಿದೆ. ಒಂದೊಂದೂ ಆರುನೂರು ಏಳುನೂರು ಪುಟದ್ದು. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹರಡಿಕೊಂಡು, ಎರಡು ದೊಡ್ಡ ರಬ್ಬರ್ ಇಟ್ಟುಕೊಂಡು, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಕೂತರೆ ಕಾಫಿ ಹೊತ್ತಿನವರೆಗೂ ಅದೇ ಕೆಲಸ. ಇದೇನು ಹೊಸದಲ್ಲ, ಮಗಳು ಎಂಜಿನಿಯರಿಂಗ್ ಸೇರಿದಾಗಿನಿಂದ ಪ್ರತಿ ವರ್ಷವೂ ಮಾಡಿದ್ದೆ. ಆದರೆ ಮೂರನೆಯ ವರ್ಷದ ಆ ಎಂಟು ಪುಸ್ತಕದಲ್ಲಿ ಏನು ಅಳಿಸುತ್ತಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ. ಎದುರಿಗೆ ಕೂತಿದ್ದ ಮಗಳಿಗೆ ಗೊತ್ತಿತ್ತು.

ನಾವು ಮೈಸೂರಿನವರು. ನನ್ನ ಗಂಡ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾರೆ. ಮಗಳು ಕೈಗೂಸಾಗಿದ್ದಾಗ ವರ್ಗವಾಗಿ ಬಂದು ಉಳ್ಳೂರಿನಲ್ಲಿ ಮನೆ ಮಾಡಿದವರು ಅಲ್ಲೇ ಬೇರು ಬಿಟ್ಟೆವು. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಮಲಯಾಳ ಮಾತಾಡಲು ಕಲಿತೆವು, ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು, ಬೇಕಾದರೆ ಜಗಳ ಕಾಯುವಷ್ಟು. ಓದಲು ಮಾತ್ರ ಕಲಿಯಲಿಲ್ಲ. ಇವತ್ತು ಕಲಿಯೋಣ, ನಾಳೆ ಕಲಿಯೋಣ ಅಂದುಕೊಂಡೇ ಇಪ್ಪತ್ತು ವರ್ಷ ಹೋಯಿತು. ಮಗಳಿದ್ದಾಳಲ್ಲ, ಅದೊಂದು ಧೈರ್ಯ.

ಒಂದನೇ ಕ್ಲಾಸಿನಿಂದಲೇ ನಮ್ಮ ಮನೆಗೆ ಓದುವವಳು ಅವಳು. ಬಸ್ಸಿನ ಬೋರ್ಡು, ನೀರಿನ ಆಫೀಸಿನ ನೋಟೀಸು, ಪಕ್ಕದ ಮನೆಯವರ ಮದುವೆ ಕಾಗದ, ಏನೇ ಮಲಯಾಳದ್ದು ಬಂದರೂ ಅವಳ ಕೈಗೆ ಕೊಟ್ಟು "ಓದು" ಅನ್ನುವುದು. ಪುಟ್ಟವಳಿದ್ದಾಗ ಬೆರಳಿಟ್ಟು ಒಂದೊಂದೇ ಪದ ಬಿಡಿಸಿ, ನಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದಳು. ದೊಡ್ಡವಳಾಗುತ್ತಾ ಕನ್ನಡ ಬಿಟ್ಟಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರ ಕೊಡುವುದು, ಅದೇ ರೂಢಿಯಾಯಿತು. ಅವಳ ಮಾತನ್ನೂ ಅಂಗಡಿಯವನ ಮಾತನ್ನೂ ಇಲ್ಲಿ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅವರು ಆಡಿದ್ದು ಮಲಯಾಳ ಅಂತ ತಿಳಿದುಕೊಳ್ಳಿ.

ನಾನು ಜುಗ್ಗಿ. ಇದನ್ನು ಯಾರೂ ಬೆನ್ನ ಹಿಂದೆ ಪಿಸುಗುಟ್ಟಬೇಕಾಗಿಲ್ಲ, ನಾನೇ ಒಪ್ಪಿಕೊಳ್ಳುತ್ತೇನೆ. ಹಾಲಿನ ಪ್ಯಾಕೆಟ್ಟಿಗೆ ಎರಡು ಚಮಚ ನೀರು ಹಾಕಿ ಕುಲುಕಿ ಆ ನೀರನ್ನೂ ಪಾತ್ರೆಗೆ ಸುರಿಯುವವಳು. ಹನಿ ಹನಿ ಗೂಡಿದರೆ ಹಳ್ಳ ಅಂತ ನಮ್ಮಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ಅದು ನನ್ನ ರಕ್ತಕ್ಕೆ ಇಳಿದಿದೆ. ಮಗಳಿಗೆ ಕೊಚ್ಚಿಯ ಒಂದು ಕಾಲೇಜಿನಲ್ಲಿ ಎರಡು ಬ್ರಾಂಚ್ ಸಿಗುವಂತಿತ್ತು, ಸಿವಿಲ್ ಮತ್ತು ಕೆಮಿಕಲ್. ಅವಳಿಗೆ ಎರಡರಲ್ಲೂ ಅಂಥಾ ಆಸೆ ಇದ್ದಂತೆ ಕಾಣಲಿಲ್ಲ. ಅದೇ ವಾರ ಎದುರು ಮನೆಯ ಟೀಚರಮ್ಮನ ಮಗಳು ಕೆಮಿಕಲ್ ಮುಗಿಸಿ ಮನೆಗೆ ಬಂದಿದ್ದಳು. ಮೊದಲ ಎರಡು ವರ್ಷದ ಪುಸ್ತಕವೆಲ್ಲ ಕಾಲು ಬೆಲೆಗೆ ಕೊಡುತ್ತೇನೆ ಅಂದಳು.

"ನೋಡೇ, ಪುಸ್ತಕ ಮನೆ ಬಾಗಿಲಿಗೇ ಬಂದಿದೆ. ಕೆಮಿಕಲ್ಲೇ ತಗೋ" ಅಂದೆ.

ಅವಳು ಭುಜ ಕುಣಿಸಿ "ಸರಿ" ಅಂದಳು. ಪುಸ್ತಕ ಅಗ್ಗವಾಗಿ ಸಿಕ್ಕಿತು ಅಂತ ಮಗಳಿಗೆ ಬ್ರಾಂಚ್ ಆರಿಸಿದವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಆಗ ನನಗೆ ಅದು ಬುದ್ಧಿವಂತಿಕೆ ಅನ್ನಿಸಿತ್ತು, ಊರಿಗೆ ಫೋನ್ ಮಾಡಿ ಅಕ್ಕನ ಹತ್ತಿರ ಕೊಚ್ಚಿಕೊಂಡಿದ್ದೆ.

ಟೀಚರಮ್ಮನ ಮಗಳ ಪುಸ್ತಕದ ತುಂಬ ಬಾಲ್‌ಪೆನ್ನಿನ ಗೀಟು. ಅದಕ್ಕೇ ಕಾಲು ಬೆಲೆ. ಅವತ್ತೇ ನಾನು ಮನೆಯಲ್ಲಿ ಕಾನೂನು ಮಾಡಿದೆ: ಪುಸ್ತಕದಲ್ಲಿ ಬರೆಯುವುದಿದ್ದರೆ ಪೆನ್ಸಿಲ್, ಅದೂ ಒತ್ತದೆ, ತೇಲಿಸಿ. ವರ್ಷ ಮುಗಿದ ಮೇಲೆ ಅಳಿಸಿ, ಹೊಸ ರಟ್ಟು ಹಾಕಿ ಮಾರಿದರೆ ಕೊಂಡ ಬೆಲೆಯ ಹತ್ತಿರ ಹತ್ತಿರ ಬರುತ್ತದೆ.

"ಅಮ್ಮಾ, ಎಲ್ಲರೂ ಫೋನಲ್ಲೇ ಪಿಡಿಎಫ್ ಓದೋದು. ಪುಸ್ತಕ ಯಾರೂ ತಗೊಳ್ಳಲ್ಲ" ಅಂದಳು.

"ಪಿಡಿಎಫ್ ಓದಿ ಮುಗಿಸಿದ ಮೇಲೆ ಮಾರೋಕಾಗುತ್ತೇನೇ?"

ಅವಳು ನಕ್ಕಳು. ಆ ನಗು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ಹಾಗೆ ನಗಲಿಲ್ಲ.

ಮೂರನೆಯ ವರ್ಷಕ್ಕೆ ಪುಸ್ತಕ ಬೇರೆ ಬೇಕಾಯಿತು. ಪಾಳಯಂ ಹತ್ತಿರ ಹಳೇ ಪುಸ್ತಕದ ಒಂದು ಅಂಗಡಿಯಿದೆ, ಬಾಗಿಲಿನವರೆಗೂ ಪುಸ್ತಕ ಒಟ್ಟಿ ಅದರ ನಡುವೆ ಒಬ್ಬರು ಕೂತಿರುತ್ತಾರೆ. ನನ್ನನ್ನು ಕಂಡರೆ "ಬನ್ನಿ ಚೇಚಿ" ಅನ್ನುತ್ತಾರೆ, ಅಂದರೆ ಅಕ್ಕ. ವಯಸ್ಸಿನಲ್ಲಿ ಅವರೇ ನನಗಿಂತ ದೊಡ್ಡವರು. ಅಲ್ಲಿಗೆ ನಾನು ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಬಿಸಿಲಲ್ಲಿ ಬಸ್ ಹತ್ತಿ ಇಳಿದು, ಇವತ್ತು ಒಂದು, ಮುಂದಿನ ವಾರ ಒಂದು, ಹೀಗೆ ಎಂಟೂ ಗಿಟ್ಟಿಸಿದೆ. ಉಷ್ಣದ ವರ್ಗಾವಣೆಯ ಮೇಲಿನ ಒಂದು ದಪ್ಪ ಪುಸ್ತಕಕ್ಕೇ ನಾಲ್ಕು ಸಲ ಅಲೆದೆ. ಮಗಳು ಕೊಚ್ಚಿಯಲ್ಲಿ ಪಾಲಾರಿವಟ್ಟಂನ ಒಂದು ಹಾಸ್ಟೆಲ್‌ನಲ್ಲಿದ್ದಳು. ಪುಸ್ತಕ ಸಿಕ್ಕಿದಾಗೆಲ್ಲ ಫೋಟೋ ತೆಗೆದು ಅವಳಿಗೆ ಕಳಿಸುತ್ತಿದ್ದೆ. ಅವಳು ಹೆಬ್ಬೆರಳಿನ ಗುರುತು ಕಳಿಸುತ್ತಿದ್ದಳು.

ದಿನಾ ಸಂಜೆ ಫೋನ್ ಮಾಡುತ್ತಿದ್ದೆ.

"ಏನ್ ಮಾಡ್ತಿದ್ದೀಯೇ?"

"ಒನ್ನುಮಿಲ್ಲ."

ಏನೂ ಇಲ್ಲ ಅಂತ. ಯಾವಾಗಲೂ ಅದೇ ಉತ್ತರ. ಆ ವಯಸ್ಸಿನ ಮಕ್ಕಳೆಲ್ಲ ಹಾಗೇ ಅಂದುಕೊಂಡೆ. ಆ ವರ್ಷದ ಎರಡನೆಯ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್‌ಗೆ ಅಂತ ವಾರಕ್ಕೆ ಮೂರು ದಿನ ಏಲೂರಿನ ಕಾರ್ಖಾನೆಗಳ ಕಡೆ ಹೋಗಬೇಕು ಅಂದಳು. ಅಲ್ಲಿ ಗೊಬ್ಬರ, ಕೆಮಿಕಲ್ಲು, ಗಾಳಿಯೇ ಘಾಟು ಅಂತ ಕೇಳಿದ್ದೆ. "ಮೂಗಿಗೆ ಬಟ್ಟೆ ಕಟ್ಕೋ, ಛತ್ರಿ ಮರೀಬೇಡ" ಅಂತ ದಿನಾ ಜಪ ಮಾಡಿದೆ. "ಆಯ್ತಮ್ಮಾ" ಅಂದಳು. ನಮ್ಮ ಯಜಮಾನರಿಗೆ ಆ ದಿನಗಳಲ್ಲಿ ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್ ಬರುತ್ತಿದ್ದವು. ಅವರ ಆಫೀಸಿನಲ್ಲಿ ಫೋನ್ ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು, ಸಂಜೆ ಹೊರಗೆ ಬಂದು ನೋಡಿ, ಯಾವುದೋ ಸಾಲ ಕೊಡುತ್ತೇವೆ ಅನ್ನುವವರು ಇರಬೇಕು ಅಂತ ಸುಮ್ಮನಾಗುತ್ತಿದ್ದರು.

ಪರೀಕ್ಷೆ ಮುಗಿಯಿತು ಅಂತ ಮಗಳು ಮನೆಗೆ ಬಂದಳು. ಎಂಟು ಪುಸ್ತಕವನ್ನೂ ಒಂದು ಚೀಲದಲ್ಲಿ ಹೊತ್ತು ತಂದಿದ್ದಳು. ತೆಳ್ಳಗಾಗಿದ್ದಳು. ಹಾಸ್ಟೆಲ್ ಊಟ, ಅಂದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ಮೇಜಿನ ಮೇಲೆ ಪೇಪರ್ ಹರಡಿದೆ.

ಮೊದಲನೆಯ ಪುಸ್ತಕ ತೆಗೆದವಳೇ ಹೌಹಾರಿದೆ. ಪುಟದ ಅಂಚು, ತಲೆ, ಬುಡ, ಚಿತ್ರಗಳ ಸುತ್ತ ಖಾಲಿ ಇದ್ದ ಜಾಗ, ಎಲ್ಲ ಕಡೆಯೂ ಪೆನ್ಸಿಲ್. ಎಲ್ಲ ಮಲಯಾಳ. ಹಿಂದಿನ ಎರಡು ವರ್ಷ ಅವಳು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಅಲ್ಲೊಂದು ಇಲ್ಲೊಂದು ಸಾಲು.

"ಅಬ್ಬಬ್ಬಾ! ಇದೇನೇ ಇಷ್ಟೊಂದು?"

"ನೋಟ್ಸ್" ಅಂದಳು.

"ನೋಟ್ಸ್ ಬರೆಯೋಕೆ ನೋಟ್‌ಬುಕ್ ಇಲ್ವಾ? ಅದೂ ಎಷ್ಟು ಒತ್ತಿ ಬರೆದಿದ್ದೀಯ ನೋಡು. ಅಳಿಸೋಕೆ ಹೋದ್ರೆ ಹಾಳೆ ಕಿತ್ತು ಬರುತ್ತೆ. ತೇಲಿಸಿ ಬರಿ ಅಂತ ಎಷ್ಟು ಸಲ ಬಡ್ಕೊಂಡೆ!"

ನಾನು ತಿಕ್ಕಲು ಶುರು ಮಾಡಿದೆ. ಒಂದು ಪುಟ ಮುಗಿದರೆ ಊದುವುದು, ತಿರುವುವುದು, ಮತ್ತೆ ತಿಕ್ಕುವುದು. ಅವಳು ಎದುರಿನ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಹತ್ತು ಹನ್ನೆರಡು ಪುಟ ಆದ ಮೇಲೆ ನಾನೇ ಬೈದೆ, "ಮಹಾರಾಣಿ ಹಾಗೆ ನೋಡ್ತಾ ಕೂತ್ಕೋ. ಬರೆದವಳು ನೀನು, ರೆಟ್ಟೆ ಬಿದ್ದುಹೋಗ್ತಿರೋದು ನಂದು."

ಆಗ ಅವಳು ಇನ್ನೊಂದು ರಬ್ಬರ್ ತೆಗೆದುಕೊಂಡಳು. ಇನ್ನೊಂದು ಪುಸ್ತಕ ಎಳೆದುಕೊಂಡಳು. ಇಬ್ಬರೂ ಎದುರು ಬದುರು ಕೂತು ಅಳಿಸಿದೆವು. ಅವಳು ಪ್ರತಿ ಪುಟವನ್ನೂ ಒಂದು ಸಲ ಓದಿ ಆಮೇಲೆ ಅಳಿಸುತ್ತಿದ್ದಳು. ನಾನು ಅದನ್ನು ಗಮನಿಸಿದೆ, "ಓದ್ತಾ ಕೂತ್ರೆ ಸಂಕ್ರಾಂತಿಗೆ ಮುಗಿಯುತ್ತೆ, ಬೇಗ ಬೇಗ" ಅಂದೆ. ಹೀಗೆ ಹನ್ನೊಂದು ಮಧ್ಯಾಹ್ನ. ಕೊನೆಗೆ ಪೇಪರ್ ಮಡಿಚಿ ರಬ್ಬರಿನ ಪುಡಿಯನ್ನು ಕಸದ ಬುಟ್ಟಿಗೆ ಸುರಿದೆ, ಎರಡು ಹಿಡಿ ಆಗಿತ್ತು. ಎಂಟು ಪುಸ್ತಕಕ್ಕೂ ಹೊಸ ರಟ್ಟು ಹಾಕಿ ಪಾಳಯಂಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಒಂದೆರಡು ತೆರೆದು ನೋಡಿ, "ಚೇಚಿ ಕೊಟ್ಟ ಪುಸ್ತಕ ಅಂದರೆ ಹೊಸದೇ" ಅಂದರು. ನಾನು ಬೀಗಿಕೊಂಡು ಬಂದೆ.

ಕಾಲೇಜಿನಿಂದ ಫೋನ್ ಬಂದದ್ದು ಒಂದು ಭಾನುವಾರ. ಅವತ್ತು ಫೋನ್ ಗೇಟಿನಲ್ಲಿರಲಿಲ್ಲ, ಮನೆಯಲ್ಲಿತ್ತು. ನಮ್ಮ ಯಜಮಾನರು ತೆಗೆದರು. ಮಾತಾಡಿದ್ದು ಅವಳ ಕ್ಲಾಸ್ ಟೀಚರ್. ಬರೀ "ಹೌದು ಮೇಡಂ, ಇಲ್ಲ ಮೇಡಂ, ಗೊತ್ತಿರಲಿಲ್ಲ ಮೇಡಂ" ಅನ್ನುವುದು ಕೇಳಿಸಿತು. ಫೋನ್ ಇಟ್ಟು ಹೇಳಿದರು:

"ನವೆಂಬರ್‌ನಿಂದ ಕ್ಲಾಸಿಗೇ ಹೋಗಿಲ್ವಂತೆ. ಹಾಜರಿ ಇಲ್ಲ ಅಂತ ಪರೀಕ್ಷೆಗೆ ಕೂರಿಸಿಲ್ವಂತೆ. ಏಲೂರು ಗೀಲೂರು ಯಾವ ಪ್ರಾಜೆಕ್ಟೂ ಇಲ್ವಂತೆ."

"ರೀ, ಬೇರೆ ಯಾರದೋ ಇರಬೇಕು."

"ನಮ್ಮ ಮಗಳ ಹೆಸರೇ ಹೇಳಿದ್ರು ಕಣೇ."

ಅವಳು ಕೋಣೆಯಲ್ಲೇ ಇದ್ದಳು, ಎಲ್ಲ ಕೇಳಿಸಿತ್ತು. ನಾನು ಬಾಗಿಲಲ್ಲಿ ನಿಂತು ಏನೇನೋ ಕೇಳಿದೆ. ಯಾಕೆ, ಎಲ್ಲಿಗೆ ಹೋಗ್ತಿದ್ದೆ, ಯಾರ ಜೊತೆ. ಬಾಯಿಗೆ ಬಂದದ್ದೆಲ್ಲ ಅಂದೆ, ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವಳು "ಒನ್ನುಮಿಲ್ಲ" ಅಂದು ಗೋಡೆ ಕಡೆ ತಿರುಗಿ ಮಲಗಿದಳು. ಆಮೇಲೆ ಅದನ್ನೂ ಅನ್ನಲಿಲ್ಲ. ಮಾತೇ ನಿಂತಿತು.

ಒಂದು ವಾರವಲ್ಲ, ಎರಡು ವಾರವಲ್ಲ, ಹತ್ತಿರ ಹತ್ತಿರ ಒಂದು ತಿಂಗಳು. ತಟ್ಟೆ ಇಟ್ಟರೆ ಅರ್ಧ ತಿನ್ನುತ್ತಿದ್ದಳು. ಸ್ನಾನ ಮಾಡು ಅಂದರೆ ಮಾಡುತ್ತಿದ್ದಳು. ಮೆಡಿಕಲ್ ಕಾಲೇಜಿನ ಹತ್ತಿರವೇ ಮನೆ, ಡಾಕ್ಟರಿಗೇನು ಬರವಿಲ್ಲ, ಒಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರ ಎದುರೂ ನೆಲ ನೋಡುತ್ತಾ ಕೂತಳು. "ಒತ್ತಾಯ ಮಾಡಬೇಡಿ. ಅವಳಾಗಿ ಮಾತಾಡಬೇಕು, ಅದು ಮುಖ್ಯ" ಅಂದರು ಡಾಕ್ಟರು, ಮಾತ್ರೆ ಬರೆದುಕೊಟ್ಟರು. ಚೂಪಾದದ್ದನ್ನೆಲ್ಲ ಮೇಲೆ ಎತ್ತಿಡಿ ಅಂತಲೂ ಅಂದರು. ನಾನು ಮನೆಗೆ ಬಂದು ಈಳಿಗೆ ಮಣೆ, ಕತ್ತರಿ, ಬ್ಲೇಡು ಎಲ್ಲ ಬೀರುವಿನ ಒಳಗಿಟ್ಟು ಬೀಗ ಹಾಕಿದೆ. ತರಕಾರಿ ಹೆಚ್ಚುವಾಗ ಬೀಗ ತೆಗೆಯುವುದು, ಆದ ಮೇಲೆ ಹಾಕುವುದು.

ನನಗೆ ಅಳು ಬರಲಿಲ್ಲ. ಸಿಟ್ಟೂ ಮೊದಲ ದಿನಕ್ಕೇ ಮುಗಿದುಹೋಗಿತ್ತು. ಮೈಮನಸ್ಸೆಲ್ಲ ಜೋಮು ಹಿಡಿದಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ, ರುಚಿ ನೋಡಿದರೂ ತಿಳಿಯುತ್ತಿರಲಿಲ್ಲ. ನಮ್ಮ ಯಜಮಾನರು ಆಫೀಸಿಗೆ ಹೋಗಿ ಬರುತ್ತಿದ್ದರು, "ಏನಾದ್ರೂ ಮಾತಾಡಿದ್ಲಾ?" ಅಂತ ಬೂಟು ಬಿಚ್ಚುವ ಮೊದಲೇ ಕೇಳುತ್ತಿದ್ದರು. ಇಲ್ಲ ಅನ್ನುತ್ತಿದ್ದೆ. ಅವರು ಬೂಟು ಬಿಚ್ಚುತ್ತಿದ್ದರು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅಭ್ಯಾಸಬಲದಿಂದ ಮೇಜಿನ ಹತ್ತಿರ ಹೋಗಿ ಕೂರುತ್ತಿದ್ದೆ. ಅಳಿಸಲು ಏನೂ ಇರುತ್ತಿರಲಿಲ್ಲ.

ಅಂಥ ಒಂದು ದಿನ ಬೆಳಿಗ್ಗೆ ಪಾಳಯಂ ಅಂಗಡಿಯವರು ಫೋನ್ ಮಾಡಿದರು.

"ಚೇಚಿ, ನಿಮ್ಮದೊಂದು ಪುಸ್ತಕ ವಾಪಸ್ ಬಂದಿದೆ. ಕೊಂಡ ಹುಡುಗಿ ತಂದುಕೊಟ್ಟಳು. ಕೊನೆಯಲ್ಲಿ ಒಂದಿಷ್ಟು ಪುಟ ಅಳಿಸಿಲ್ಲ."

ನನ್ನ ಕೈಯಿಂದ ಹೋದ ಪುಸ್ತಕದಲ್ಲಿ ಅಳಿಸದೆ ಉಳಿಯುವುದೇ? ಆ ಜೋಮಿನಲ್ಲೂ ನನಗೆ ಅವಮಾನವಾಯಿತು ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು. ಹನ್ನೊಂದು ಗಂಟೆಯ ಬಿಸಿಲಲ್ಲಿ ಬಸ್ ಹತ್ತಿದೆ. ಅದೇ ಉಷ್ಣದ ಪುಸ್ತಕ, ನಾಲ್ಕು ಸಲ ಅಲೆದದ್ದು. ಕೊನೆಯಲ್ಲಿ ಬರೀ ಅಂಕಿಗಳ ಕೋಷ್ಟಕ, ಆಮೇಲೆ ಪದಗಳ ಪಟ್ಟಿ. ಅಲ್ಲಿ ಯಾರು ಬರೆಯುತ್ತಾರೆ ಅಂತ ನಾನು ತಿರುವಿಯೇ ನೋಡಿರಲಿಲ್ಲ. ಅಂಕಿಗಳ ಮಧ್ಯದಲ್ಲೆಲ್ಲ ಅವಳ ಅಕ್ಷರ.

"ಕೊಡಿ, ಇಲ್ಲೇ ಕೂತು ಅಳಿಸಿಕೊಡ್ತೀನಿ. ರಬ್ಬರ್ ತಂದಿದ್ದೀನಿ" ಅಂದೆ.

ಅವರು ಪುಸ್ತಕ ಕೊಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಿಮಗೆ ಓದೋಕೆ ಬರಲ್ಲ ಅಲ್ಲವೇ?"

"ಬರಲ್ಲ."

"ನೋಟ್ಸ್ ಅಲ್ಲ ಚೇಚಿ ಇದು. ಅಳಿಸಬೇಡಿ. ಮನೆಗೆ ತಗೊಂಡು ಹೋಗಿ."

"ಏನಂತ ಬರೆದಿದೆ?"

"ನಾನು ಓದಿ ಹೇಳೋದಲ್ಲ" ಅಂದರು. ದುಡ್ಡು ವಾಪಸ್ ಕೊಡಲು ಹೋದೆ, ಕೈ ಅಡ್ಡ ಮಾಡಿದರು.

ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲೆ ತೆರೆದು ಇಟ್ಟುಕೊಂಡೆ. ಇಪ್ಪತ್ತು ವರ್ಷ ಈ ಊರಿನ ನೀರು ಕುಡಿದು ಒಂದಕ್ಷರ ಕಲಿಯದವಳಿಗೆ ಬಸ್ಸಿನಲ್ಲಿ ಕೂತು ಏನು ತಿಳಿದೀತು. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು, ಕೇಳಿದ್ದರೆ ಓದಿ ಹೇಳುತ್ತಿದ್ದಳು. ಕೇಳಲು ಬಾಯಿ ಬರಲಿಲ್ಲ. ಎದುರು ಮನೆಯ ಟೀಚರಮ್ಮ ಇದ್ದರು, ಅವರನ್ನೂ ಕೇಳಲಾರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಎಂಟು ಪುಸ್ತಕಕ್ಕೆ ಊರೆಲ್ಲ ಅಲೆದ ನನ್ನ ಕಥೆಯೂ ಅದೇ ಆಗಿತ್ತು. ಉಳ್ಳೂರಿನಲ್ಲಿ ಇಳಿದು ಮನೆಗೆ ನಡೆದೆ.

ಮನೆಗೆ ಬಂದು ಕೈಕಾಲು ತೊಳೆದು, ಕಾಫಿಗೆ ಅಂತ ಹಾಲು ಒಲೆಯ ಮೇಲಿಟ್ಟೆ. ಮಗಳ ಕೋಣೆಗೆ ಹೋದೆ. ಗೋಡೆ ಕಡೆ ತಿರುಗಿ ಮಲಗಿದ್ದಳು. ಮಂಚದ ಅಂಚಿನಲ್ಲಿ ಕೂತು ಪುಸ್ತಕದಲ್ಲಿ ಅಳಿಸದೆ ಉಳಿದಿದ್ದ ಮೊದಲ ಪುಟ ತೆಗೆದು ಅವಳ ಮುಂದೆ ಹಿಡಿದೆ. ಒತ್ತಾಯ ಮಾಡಬೇಡಿ ಅಂದಿದ್ದರು ಡಾಕ್ಟರು. ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ನೀರಿನ ಆಫೀಸಿನ ನೋಟೀಸು ಬಂದಾಗ ಅನ್ನುತ್ತಿದ್ದ ಹಾಗೇ ಅಂದೆ.

"ಓದು."

ಅವಳು ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಎದ್ದು ಕೂತಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಒಂದನೇ ಕ್ಲಾಸಿನಲ್ಲಿ ಇಡುತ್ತಿದ್ದಂತೆಯೇ. ಬಾಯಿ ತೆರೆದಾಗ ಬಂದದ್ದು ಕನ್ನಡ.

"ಇವತ್ತೂ ಕ್ಲಾಸಿಗೆ ಹೋಗ್ಲಿಲ್ಲ. ಪಾಲಾರಿವಟ್ಟಂ ಮೆಟ್ರೋ ಸ್ಟೇಷನ್ ಮೆಟ್ಟಿಲ ಮೇಲೆ ಕೂತಿದ್ದೆ. ಏಲೂರಿಗೆ ಹೋಗ್ತೀನಿ ಅಂತ ಅಮ್ಮಂಗೆ ಹೇಳ್ದೆ. ಛತ್ರಿ ತಗೊಂಡು ಹೋಗು ಅಂದ್ಲು."

ಕನ್ನಡ ತಡವರಿಸುತ್ತಿತ್ತು. ಒಂದು ಪದಕ್ಕೆ ನಿಂತು, ಹುಡುಕಿ, ಮತ್ತೆ ಮುಂದೆ ಹೋಗುತ್ತಿದ್ದಳು.

"ಈ ಪುಸ್ತಕಕ್ಕೆ ಅಮ್ಮ ನಾಲ್ಕು ಸಲ ಬಿಸಿಲಲ್ಲಿ ಹೋಗಿದ್ದಾಳೆ. ನಂಗೆ ಇದ್ರಲ್ಲಿ ಒಂದು ಸಾಲೂ ತಲೆಗೆ ಹತ್ತುತ್ತಿಲ್ಲ. ಬೆಳಿಗ್ಗೆ ಏಳೋದು ಯಾಕೆ ಅಂತಾನೂ ಗೊತ್ತಾಗ್ತಿಲ್ಲ. ಅಮ್ಮಂಗೆ ಹೇಳೋಕೆ ಬಾಯಿ ಬರಲ್ಲ. ಅವಳಿಗೆ ಓದೋಕೆ ಬರ್ತಿದ್ರೆ ಚೆನ್ನಾಗಿತ್ತು. ಬೇಸಿಗೇಲಿ ಅಳಿಸ್ತಾಳಲ್ಲ, ಆಗ ಓದ್ಕೊಳ್ಳೋಳು."

ಹಾಗೇ ಒಂದೊಂದೇ ಪುಟ ಓದಿ, ಕೊನೆಯ ಪುಟದ ಬುಡಕ್ಕೆ ಬಂದು ಬೆರಳು ನಿಂತಿತು. ನಾನು ಪುಟ ತಿರುವಿದೆ. ಆ ಕಡೆ ರಟ್ಟು.

"ಮುಂಚಿನದು?" ಅಂತ ಕೇಳಿದೆ.

"ಬೇರೆ ಪುಸ್ತಕದಲ್ಲೆಲ್ಲ ಇತ್ತು" ಅಂದಳು. "ಅಳಿಸ್ಬಿಟ್ವಲ್ಲ ಅಮ್ಮಾ."

ಹನ್ನೊಂದು ಮಧ್ಯಾಹ್ನ, ಎರಡು ಹಿಡಿ ಪುಡಿ. ಬೇಗ ಬೇಗ ಅಂದವಳು ನಾನು. ಅದನ್ನೆಲ್ಲ ಬಾಯಿಬಿಟ್ಟು ಹೇಳಿ ಕ್ಷಮೆ ಕೇಳಬೇಕಿತ್ತು. ಬಂದದ್ದು ಇಷ್ಟೇ:

"ಜ್ಞಾಪಕ ಇದೆಯೇನೇ?"

"ಇದೆ."

"ಹಾಗಾದ್ರೆ ಬಾಯಲ್ಲೇ ಹೇಳು. ಮೊದಲನೇ ಪುಸ್ತಕದಿಂದ ಹೇಳು."

ಅವಳು ದಿಂಬನ್ನು ತೊಡೆಯ ಮೇಲೆ ಎಳೆದುಕೊಂಡು ಶುರು ಮಾಡಿದಳು. ನವೆಂಬರ್‌ನಿಂದ. ಕನ್ನಡ ಸಾಲದಾದಾಗ ಮಲಯಾಳಕ್ಕೆ ಹೋಗಿ, ಮತ್ತೆ ಕನ್ನಡಕ್ಕೆ ಬಂದು ಹೇಳುತ್ತಿದ್ದಳು. ಅಡುಗೆಮನೆಯಿಂದ ಹಾಲು ಉಕ್ಕಿ ಒಲೆಗೆ ಸುರಿದ ಸದ್ದು ಕೇಳಿಸಿತು, ಸೀದ ವಾಸನೆ ಬಂತು. ಅವಳು ಮಾತು ನಿಲ್ಲಿಸಿ, "ಅಮ್ಮಾ, ಹಾಲು" ಅಂದಳು.

"ಉಕ್ಕಲಿ ಬಿಡು. ಮುಂದೆ ಹೇಳು" ಅಂದೆ.